ವಿಭೂತಿಗೆ ಬಿಟ್ಟ ಜಾಗ

ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹೆದ್ದಾರಿಯಿಂದ ಒಂದು ಕೂಗಳತೆ ಒಳಗೆ, ರೇಷ್ಮೆ ನೂಲನ್ನು ಬಿಳುಪು ಮಾಡಿ ಬಣ್ಣ ಹಾಕುವ ಸಣ್ಣದೊಂದು ಕಾರ್ಖಾನೆಯಿದೆ. ಅಲ್ಲಿನ ಕೆಮಿಕಲ್ ರೂಮಿನಲ್ಲಿರುವ ಡ್ರಮ್ಮು, ಕ್ಯಾನು, ಡಬ್ಬಗಳಿಗೆಲ್ಲ ಒಂದೊಂದು ಚೀಟಿ ಅಂಟಿಸಿದೆ. ಒಳಗಿರುವುದರ ಹೆಸರು, ಅದು ಮೈಮೇಲೆ ಬಿದ್ದರೆ ಏನಾಗುತ್ತದೆ, ಬಿದ್ದವರು ಏನು ಮಾಡಬೇಕು, ಎಲ್ಲ ಕನ್ನಡದಲ್ಲಿ. ಓದಲು ಬಾರದವರಿಗೆ ಚಿತ್ರ. ಇಷ್ಟೆಲ್ಲ ಆದ ಮೇಲೆ ಚೀಟಿಯ ಕೆಳಗೆ ಅಂಗೈಯಗಲದ ಒಂದು ಖಾಲಿ ಚೌಕ. ಅದರಲ್ಲಿ ಒಂದಕ್ಷರವೂ ಇಲ್ಲ.

ಈ ವರ್ಷ ಕಾರ್ಖಾನೆ ಇಲಾಖೆಯಿಂದ ತಪಾಸಣೆಗೆ ಬಂದ ಪ್ರತಿಮಾ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇದ್ಯಾಕ್ರೀ ಖಾಲಿ ಬಿಟ್ಟಿದ್ದೀರಾ? ಏನಾದ್ರೂ ತುಂಬೋದು ಮರೆತ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಅದು ವಿಭೂತಿಗೆ," ಎಂದ ಸ್ಟೋರಿನ ಮುನಿಕೃಷ್ಣ.

ಮೇಡಂ ನಕ್ಕರು. ಮುನಿಕೃಷ್ಣ ನಗಲಿಲ್ಲ. ಆ ಚೌಕದ ಹಿಂದಿನ ಕತೆ ನಗುವಂಥದ್ದೂ ಹೌದು, ಆದರೆ ಅವನಿಗೆ ನಗು ಬರಲು ಇನ್ನೂ ಸ್ವಲ್ಪ ಕಾಲ ಬೇಕು.

ಮುನಿಕೃಷ್ಣನಿಗೆ ನಲವತ್ತೇಳು ವರ್ಷ. ಮಾಗಡಿ ಸೀಮೆಯವನು. ಪಿಯುಸಿಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಾಸಾಗಿ, ಈ ಕಾರ್ಖಾನೆಗೆ ಸೇರಿದವನು ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದಾನೆ. ಆರು ವರ್ಷದ ಹಿಂದೆ ಯಜಮಾನರು ಅವನನ್ನು ಬಿಡದಿಯಲ್ಲಿ ನಡೆದ ಎರಡು ದಿನದ ಸುರಕ್ಷತಾ ತರಬೇತಿಗೆ ಕಳಿಸಿದರು. ಬೇರೆ ಯಾರೂ ಹೋಗಲು ಒಪ್ಪಲಿಲ್ಲ, ಅದಕ್ಕೆ ಇವನನ್ನು ಕಳಿಸಿದ್ದು. ಹೋಗಿ ಬಂದವನು ಮಾತ್ರ ಆ ಎರಡು ದಿನವನ್ನು ಆರು ವರ್ಷವಾದರೂ ತಲೆಯಿಂದ ಇಳಿಸಲಿಲ್ಲ. ಕ್ಯಾನುಗಳ ಮೇಲೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಅಚ್ಚಾಗಿದ್ದ ಎಚ್ಚರಿಕೆಗಳನ್ನು ಡಿಕ್ಷನರಿ ಹಿಡಿದು ಕೂತು ಕನ್ನಡಕ್ಕೆ ಇಳಿಸಿದ. ತನ್ನ ಕೈಯಾರೆ ಬರೆದು, ಗೋಂದು ಹಚ್ಚಿ, ಮೂವತ್ತೊಂದು ಡಬ್ಬಗಳಿಗೆ ಅಂಟಿಸಿದ. ಖಾಲಿ ಕ್ಯಾನುಗಳನ್ನು ಯಾರೂ ಮನೆಗೊಯ್ದು ಕುಡಿಯುವ ನೀರು ತುಂಬಿಸಬಾರದೆಂದು ಕಾದ ಕಬ್ಬಿಣದ ಕಡ್ಡಿಯಿಂದ ಒಂದೊಂದಕ್ಕೂ ತೂತು ಹೊಡೆದ. ಇದಕ್ಕಾಗಿ ಕಾರ್ಖಾನೆಯ ಹೆಂಗಸರು ಅವನನ್ನು ವರ್ಷಗಟ್ಟಲೆ ಬೈದಿದ್ದಾರೆ. ಅಂಥ ಗಟ್ಟಿ ಕ್ಯಾನು, ಹಿಡಿಕೆ ಬೇರೆ ಇರುವುದು, ಕಣ್ಣೆದುರೇ ತೂತಾದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಅವರು ಇಟ್ಟ ಹೆಸರು ಚೀಟಿ ಮುನಿಕೃಷ್ಣ.

ಈ ಹುಚ್ಚು ತರಬೇತಿಯಿಂದ ಮಾತ್ರ ಹತ್ತಿದ್ದಲ್ಲ. ಅವನು ಐದನೇ ಕ್ಲಾಸಿನಲ್ಲಿದ್ದಾಗ ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿಗೆ ರೋಗ ಬರದಂತೆ ಹುಳುಮನೆಗೆ ಹೊಡೆಯಲು ತಂದ ಫಾರ್ಮಲಿನ್ ಕ್ಯಾನು ಸೋರುತ್ತಿತ್ತೆಂದು ಅಪ್ಪ ನರಸಯ್ಯ ಅದನ್ನು ಕೊಬ್ಬರಿ ಎಣ್ಣೆಯ ಹಳೇ ಡಬ್ಬಕ್ಕೆ ಬಗ್ಗಿಸಿ ಗೂಡಿನಲ್ಲಿಟ್ಟ. ಯಾರಿಗೂ ಹೇಳಲಿಲ್ಲ. ಅಷ್ಟು ಘಾಟು ಹೊಡೆಯುವಾಗ ಹೇಳುವುದೇನು ಎಂಬ ಧೈರ್ಯ. ಅವ್ವ ದೊಡ್ಡಲಕ್ಷ್ಮಮ್ಮನಿಗೆ ಆ ವಾರ ಮೂಗು ಕಟ್ಟಿದ ನೆಗಡಿ. ತಲೆಗೆ ಎಣ್ಣೆ ಹಚ್ಚಲೆಂದು ಡಬ್ಬ ತೆಗೆದು ಅಂಗೈಗೆ ಸುರಿದು ನೆತ್ತಿಗೆ ತಟ್ಟಿಕೊಂಡಳು. ಅದು ಹಣೆಯಿಂದ ಕಣ್ಣಿಗಿಳಿಯಿತು. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದಳು. ಬಲಗಣ್ಣು ಉಳಿಯಿತು, ಎಡಗಣ್ಣು ಉಳಿಯಲಿಲ್ಲ. ಮುನಿಕೃಷ್ಣ ಯಾವ ಡಬ್ಬ ನೋಡಿದರೂ ಮೊದಲು ನೋಡುವುದು ಅದರ ಮೇಲೇನು ಬರೆದಿದೆ ಎಂದು. ಮನೆಯಲ್ಲಿ ಉಪ್ಪಿನ ಡಬ್ಬಕ್ಕೂ 'ಉಪ್ಪು' ಎಂದು ಬರೆದು ಅಂಟಿಸಿ ಹೆಂಡತಿಯ ಕೈಲಿ ಮಂಗಳಾರತಿ ಎತ್ತಿಸಿಕೊಂಡವನು ಅವನು.

ಪ್ರತಿ ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅಂಗಳದಲ್ಲಿ ಐದು ನಿಮಿಷ ಅವನ ಭಾಷಣ. ಕೇಳುವವರು ಕಡಿಮೆ, ಆಕಳಿಸುವವರು ಜಾಸ್ತಿ. ಒಂದು ಸೋಮವಾರ ಮಾತ್ರ ಎಲ್ಲರೂ ಕಣ್ಣು ಬಿಟ್ಟು ನೋಡಿದ್ದರು. ಅವತ್ತು ಅವನು ಗ್ಲೌಸು, ಕನ್ನಡಕ ಹಾಕಿಕೊಂಡು ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನೀರು, ಒಂದರಲ್ಲಿ ನೂಲು ಬಿಳುಪು ಮಾಡುವ ಪೆರಾಕ್ಸೈಡು. ಎರಡೂ ತಿಳಿ, ಎರಡಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಎರಡಕ್ಕೂ ಒಂದೊಂದು ಹಸಿರೆಲೆ ಹರಿದು ಹಾಕಿದ. ನೀರಿನಲ್ಲಿ ಎಲೆ ಸುಮ್ಮನೆ ತೇಲಿತು. ಪೆರಾಕ್ಸೈಡಿನಲ್ಲಿ ಸುಂಯ್ ಎಂದು ನೊರೆ ಎದ್ದು ಲೋಟದ ಕಂಠಕ್ಕೆ ಬಂತು. "ಮೈಗೆ ತಾಕುದ್ರೆ ಚರ್ಮ ಬೆಳ್ಳಗೆ ಸುಡ್ತದೆ, ಕಣ್ಣಿಗ್ ಬಿದ್ರೆ ಕಣ್ಣೇ ಹೋಗ್ಬೋದು," ಎಂದ. ಬಣ್ಣದ ಮೇಸ್ತ್ರಿ ಬಾಲರಾಜು ಚಪ್ಪಾಳೆ ತಟ್ಟಿ, "ಜಾದೂ ಚೆಂದಾಗೈತೆ ಕಣ್ಲಾ, ಮುಂದಿನ್ ವಾರ ಪಾರಿವಾಳ ತೆಗಿ," ಎಂದ. ಅಂಗಳವೆಲ್ಲ ನಕ್ಕಿತು. ನೂಲಿನ ಲಡಿ ತಿರುವುವ ಸರಸಮ್ಮ ಸೆರಗು ಬಾಯಿಗಿಟ್ಟುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು. ಮುನಿಕೃಷ್ಣನಿಗೆ ಅವಮಾನವಾಯಿತು. ಎರಡು ಸೋಮವಾರ ಮುಖ ಊದಿಸಿಕೊಂಡೇ ಭಾಷಣ ಮಾಡಿದ.

ಹೋದ ವರ್ಷ ಆಯುಧಪೂಜೆಗೆ ಅವನು ಮೊದಲ ಸಲ ರಜೆ ಹಾಕಿ ಅವ್ವನ ಹತ್ತಿರ ಮಾಗಡಿಗೆ ಹೋದ. ಹೋಗುವಾಗ ಕೆಮಿಕಲ್ ರೂಮಿನ ಬೀಗದ ಕೈ ಬಾಲರಾಜುವಿಗೆ ಕೊಟ್ಟು, "ಹುಷಾರು ಕಣ್ಲಾ," ಎಂದಷ್ಟೇ ಹೇಳಿದ. ಹೇಳಬೇಕಾದ್ದು ಇನ್ನೂ ಇತ್ತು. ಅದು ಹೊಳೆಯಲಿಲ್ಲ.

ವಿಜಯದಶಮಿ ಕಳೆದು ಮಾರನೇ ದಿನ ಎಂಟು ಗಂಟೆಗೆ ಬಂದು ರೂಮಿನ ಬಾಗಿಲು ತೆಗೆದರೆ, ಒಳಗೆ ಎಲ್ಲ ಥಳಥಳ ಅನ್ನುತ್ತಿದೆ. ಮೂವತ್ತೊಂದು ಡಬ್ಬಗಳನ್ನೂ ತೆಂಗಿನ ನಾರು, ಸೋಪು ಹಾಕಿ ಉಜ್ಜಿ, ತೊಳೆದು, ಒರೆಸಿ, ಸಾಲಾಗಿ ನಿಲ್ಲಿಸಿದ್ದಾರೆ. ಒಂದೊಂದರ ಮೇಲೂ ಮೂರೆಳೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಒಂದು ಚೀಟಿಯೂ ಇಲ್ಲ.

"ಹೆಂಗೈತೆ?" ಎಂದ ಬಾಲರಾಜು, ಹಿಂದೆ ಬಂದು ನಿಂತು. ಮುಖದ ತುಂಬ ಖುಷಿ. "ಬರೀ ಗಲೀಜು ಕಾಗ್ದ ಅಂಟ್ಕೊಂಡಿತ್ತಲ್ಲ, ಎಲ್ಲ ಕಿತ್ತಾಕುದ್ವಿ. ಪೂಜೆ ದಿನ ಹಂಗೆ ಇಡಾಕಾಯ್ತದಾ? ಕಂಪ್ನಿಯವ್ರು ಅಂಟ್ಸಿದ್ದೂ ಬುಡಲಿಲ್ಲ."

ಮೈ ಬಗ್ಗಿಸಿ ಅಷ್ಟು ಶ್ರದ್ಧೆಯಿಂದ ಉಜ್ಜಿದವನನ್ನು ಏನೆಂದು ಬೈಯುವುದು? ಮುನಿಕೃಷ್ಣ ಗ್ಲೌಸು, ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಗುರುತಿಸತೊಡಗಿದ. ಡ್ರಮ್ಮುಗಳ ಬಣ್ಣ ಬೇರೆ ಬೇರೆ, ಅವು ತಿಳಿದವು. ಆಸಿಡ್ಡು ಯಾವುದು, ಸೋಡಾ ಯಾವುದು ಎಂದು ಬಣ್ಣ ತಿರುಗುವ ಕಾಗದದ ಚೂರು ಅದ್ದಿ ಕಂಡುಕೊಂಡ. ಕೊನೆಗೆ ಉಳಿದದ್ದು ಐದೈದು ಲೀಟರಿನ ನಾಲ್ಕು ಬಿಳೀ ಕ್ಯಾನು, ದಿನದ ಬಳಕೆಗೆಂದು ಅವನೇ ತುಂಬಿಸಿಟ್ಟಿದ್ದ ಪೆರಾಕ್ಸೈಡು. ನಾಲ್ಕರಿಂದಲೂ ಚಮಚದಷ್ಟು ಬೇರೆ ಬೇರೆ ಲೋಟಕ್ಕೆ ಬಿಟ್ಟು ಎಲೆ ಹರಿದು ಹಾಕಿದ. ಮೂರು ಲೋಟದಲ್ಲಿ ನೊರೆ ಎದ್ದಿತು. ನಾಲ್ಕನೆಯದರಲ್ಲಿ ಎಲೆ ಸುಮ್ಮನೆ ತೇಲುತ್ತಿತ್ತು.

"ಇದು ನೀರು," ಎಂದ ಮುನಿಕೃಷ್ಣ. "ಇಲ್ಲಿಗೆ ನೀರು ಹೆಂಗ್ಲಾ ಬಂತು?"

"ಅದಾ? ಪೂಜೇಲಿಟ್ಟಿದ್ದ ತೀರ್ಥ ಇರ್ಬೇಕು. ಹೊಸಾ ಕ್ಯಾನ್ ಒಂದಿತ್ತಲ್ಲ, ಅದಕ್ಕೆ ಬೋರ್ ನೀರ್ ತುಂಬಿ ದೇವ್ರ ಮುಂದೆ ಇಟ್ಟಿದ್ವಿ. ಪೂಜೆ ಆದ್ಮೇಲೆ ಇವುಗಳ ಜೊತೆ ಇಟ್ಟೆ. ಆದ್ರೆ ತೀರ್ಥದ್ ಕ್ಯಾನ್ನ ನಾನು ಸರಸಕ್ಕಂಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಸರಸಮ್ಮನ ಮಗಳು ಚೈತ್ರಾ ಹೆರಿಗೆಗೆಂದು ತವರಿಗೆ ಬಂದವಳು ಹೆಣ್ಣುಮಗು ಹೆತ್ತಿದ್ದಳು. ಮನೆಯಲ್ಲಿ ಪುರುಡು. ಅದಕ್ಕೇ ಆಯುಧಪೂಜೆಯ ದಿನ ಸರಸಮ್ಮ ಒಳಗೆ ಬರದೆ ಗೇಟಿನ ಆಚೆಯೇ ನಿಂತು, "ಬಾಲರಾಜಣ್ಣ, ಹನ್ನೊಂದನೇ ದಿನುಕ್ಕೆ ಮಗೀಗೆ, ಬಾಣಂತೀಗೆ ಚಿಮುಕ್ಸಾಕೆ ಒಸಿ ಪೂಜೆ ನೀರು ಕೊಡು," ಎಂದು ಕೇಳಿದ್ದಳು. ಇವನು ಗಡಿಬಿಡಿಯಲ್ಲಿ ಒಳಗೆ ಹೋಗಿ ವಿಭೂತಿ ಬಳಿದ ಕ್ಯಾನೊಂದನ್ನು ತಂದು ಕೊಟ್ಟಿದ್ದ. ಅವಳು ಸೆರಗೊಡ್ಡಿ ಈಸಿಕೊಂಡು, ಕಣ್ಣಿಗೊತ್ತಿಕೊಂಡು ಹೋಗಿದ್ದಳು. ವಿಭೂತಿ, ಕುಂಕುಮ, ಹೂವು ಇರುವ ಕ್ಯಾನಿನಲ್ಲಿ ತೀರ್ಥವಲ್ಲದೆ ಬೇರೇನಿರುತ್ತದೆಂದು ಯಾರು ಅಂದುಕೊಳ್ಳುತ್ತಾರೆ?

"ಹನ್ನೊಂದನೇ ದಿನ ಯಾವತ್ತು?" ಎಂದ ಮುನಿಕೃಷ್ಣ.

"ಇವತ್ತೇ."

ಸರಸಮ್ಮನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಮುನಿಕೃಷ್ಣ ಬೈಕ್ ತೆಗೆದ. ಬಾಲರಾಜು ಹಿಂದೆ ಕೂತು ಫೋನು ಒತ್ತುತ್ತಲೇ ಇದ್ದ. ಚನ್ನಪಟ್ಟಣ ದಾಟಿ ವಿರೂಪಾಕ್ಷಿಪುರದ ಕಡೆ ತಿರುಗುವ ಹೊತ್ತಿಗೆ ಇಪ್ಪತ್ತು ಸಲ ಒತ್ತಿದ್ದ. ಹಬ್ಬದ ಮಾರನೇ ದಿನ, ರಸ್ತೆಯ ಮೇಲೆ ಒಡೆದ ಬೂದುಗುಂಬಳದ ಹೋಳು, ಕುಂಕುಮದ ಕೆಂಪು. ಮುನಿಕೃಷ್ಣ ಯಾವುದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಅಂಗೈಯಿಂದ ನೆತ್ತಿಗೆ ತಟ್ಟಿಕೊಳ್ಳುತ್ತಿದ್ದ ಅವ್ವ. ಹನ್ನೊಂದು ದಿನದ ಕೂಸು, ಅದರ ಕಣ್ಣೆಷ್ಟು! ಹೆಸರುಕಾಳಿನಷ್ಟು ಹನಿ ಸಾಕು.

"ನಂದೇ ತಪ್ಪು ಕಣ್ಲಾ," ಎಂದು ಬಾಲರಾಜು ಹಿಂದಿನಿಂದ ಅಳುತ್ತಿದ್ದ. ಅವನು ಅತ್ತದ್ದನ್ನು ಮುನಿಕೃಷ್ಣ ಈ ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ.

"ನಂದೂ ಐತೆ ಸುಮ್ನಿರ್ಲಾ," ಎಂದ. ವರ್ಷವಿಡೀ ಬಡಕೊಂಡವನು, ವರ್ಷಕ್ಕೊಮ್ಮೆ ಎಲ್ಲವನ್ನೂ ತೊಳೆಯುವ ದಿನ ಏನು ಮಾಡಬೇಕೆಂದು ಒಂದು ಮಾತು ಹೇಳಿರಲಿಲ್ಲ. ಬರೀ ಗೋಂದು ಹಚ್ಚಿದ ಕಾಗದ, ನೀರು ಬಿದ್ದರೆ ಕಿತ್ತು ಬರುವಂಥದ್ದು. ಅದನ್ನು ನಂಬಿ ನೆಮ್ಮದಿಯಾಗಿ ಊರಿಗೆ ಹೋಗಿದ್ದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ವಿರೂಪಾಕ್ಷಿಪುರದಿಂದ ಒಂದು ಮೈಲಿ ಆಚೆ ಸರಸಮ್ಮನ ಊರು. ಬೀದಿಗೆ ತಿರುಗುತ್ತಿದ್ದ ಹಾಗೇ ಮನೆಯ ಮುಂದೆ ಗುಂಪು ಕಾಣಿಸಿತು. ಮುನಿಕೃಷ್ಣ ಬೈಕು ನಿಲ್ಲಿಸಿದನೋ ಬೀಳಿಸಿದನೋ, ಗುಂಪನ್ನು ಸೀಳಿಕೊಂಡು ಓಡಿದ.

ಅಂಗಳದ ನಡುವೆ ಒಂದು ತಾಮ್ರದ ಚೊಂಬು. ಅದರಲ್ಲಿ ಮಾವಿನೆಲೆ. ಚೊಂಬಿನ ಸುತ್ತ ನೆಲವೆಲ್ಲ ಒದ್ದೆ. ಸ್ವಲ್ಪ ದೂರದಲ್ಲಿ ಒನಕೆಯೊಂದನ್ನು ಅಡ್ಡ ಮಲಗಿಸಿ, ಕೈಯಲ್ಲಿ ಪೊರಕೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸಮ್ಮ ನಿಂತಿದ್ದಳು. ಎದುರಿಗೆ ಅವಳ ಅತ್ತಿಗೆ ಕೈಮುಗಿದು ಕಣ್ಣೀರು ಸುರಿಸುತ್ತಾ, "ತಾಯಿ ಬಂದವ್ಳೆ ಸರಸಿ! ತೀರ್ಥ ಉಕ್ಕೈತೆ, ಬೇಡ ಅನ್ಬ್ಯಾಡ, ಮಗೀಗ್ ಒಂದ್ ಹನಿ ಹಾಕು," ಎನ್ನುತ್ತಿದ್ದಳು.

"ಹತ್ರ ಬಂದ್ರೆ ಪೊರಕೇಲ್ ಬುಡ್ತೀನಿ," ಎಂದಳು ಸರಸಮ್ಮ. ಅಷ್ಟರಲ್ಲಿ ಮುನಿಕೃಷ್ಣನನ್ನು ಕಂಡು ಪೊರಕೆ ಇಳಿಸಿದಳು. "ಬಂದ್ಯಾ ಮಗ. ಬತ್ತೀಯ ಅಂತ ಗೊತ್ತಿತ್ತು."

"ಮಗು?" ಎಂದ.

"ಒಳಗೈತೆ. ಹಾಲು ಕುಡೀತೈತೆ. ಒಂದ್ ಹನೀನೂ ತಾಕಿಲ್ಲ ಕಣಪ್ಪ."

ಮುನಿಕೃಷ್ಣ ಅಲ್ಲೇ ಕುಕ್ಕರಿಸಿದ.

ನಡೆದದ್ದು ಇಷ್ಟು. ಬೆಳಿಗ್ಗೆ ಮನೆ ಸಾರಿಸಿ, ಬಾಣಂತಿಗೆ, ಮಗುವಿಗೆ ನೀರೆರೆದು, ತೀರ್ಥ ಚಿಮುಕಿಸುವುದಕ್ಕೆ ಸರಸಮ್ಮ ಚೊಂಬಿಗೆ ಕ್ಯಾನಿನಿಂದ ಕಾಲು ಭಾಗ ಬಗ್ಗಿಸಿ ಮಾವಿನೆಲೆ ಇಳಿಬಿಟ್ಟಳು. ಚೊಂಬು ಬಿಸಿಯಾಯಿತು. ಬುಸಬುಸ ನೊರೆಯೆದ್ದು ಹೊರಗೆ ಚೆಲ್ಲಿತು. ಅತ್ತಿಗೆ ಕೆನ್ನೆ ಕೆನ್ನೆ ಬಡಕೊಂಡು ಅಡ್ಡ ಬಿದ್ದಳು, ಅಕ್ಕಪಕ್ಕದವರು ಓಡಿ ಬಂದರು, ಯಾರೋ ಕರ್ಪೂರ ತರಲು ಹೋದರು. ಸರಸಮ್ಮನಿಗೆ ಕಂಡದ್ದು ತಾಯಿಯಲ್ಲ, ಕಾರ್ಖಾನೆಯ ಅಂಗಳದ ಆ ಗಾಜಿನ ಲೋಟ.

"ನೀನು ಅವತ್ತು ಎಲೆ ಹಾಕ್ಬುಟ್ಟು ತೋರುಸ್ಲಿಲ್ವಾ, ಸುಂಯ್ ಅಂತ ಬಂದಿದ್ದು? ಇದೂ ಅಂಗೇ ಬಂತು. ದೇವ್ರೇ, ಇದು ನಮ್ ಕಾರ್ಖಾನೆದು ಅಂದ್ಕಂಡೆ. ಕರ್ಪೂರ ಹಚ್ಚಕ್ ಬಂದೋನ್ನ ಓಡುಸ್ದೆ. ನೀನೇ ಹೇಳಿದ್ದೆಲ್ಲ, ಇದ್ರ ಹತ್ರ ಬೆಂಕಿ ಬ್ಯಾಡ ಅಂತ. ಫೋನು ಒಳಗೆ ಬಡ್ಕಂತಾನೇ ಐತೆ, ಚೈತ್ರ ಮಗಾನ ಬುಟ್ಟು ಏಳಾಕಿಲ್ಲ, ನಾನು ಇಲ್ಲಿಂದ ಕದಲುದ್ರೆ ನಮ್ಮತ್ತಿಗೆ ಚೊಂಬು ಎತ್ಕಂಡ್ ಒಳೀಕೆ ಓಡ್ತಾಳೆ. ಅದ್ಕೇ ನಿಂತ್ಕಂಡೆ."

"ಕೈ ತೋರ್ಸಕ್ಕ."

ಬಲಗೈಯ ಮೂರು ಬೆರಳ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. "ಉರಿ ಐತೆ. ತೊಟ್ಟಿ ಇಲ್ಲೇ ಪಕ್ಕದಲ್ಲೈತೆ, ಪೊರಕೆ ಬುಡದೇನೇ ಬಾಳ ಹೊತ್ತು ತೊಳ್ದೆ. ಹದಿನೈದು ನಿಮ್ಸ ಅಂದಿದ್ಯಲ್ಲ, ಗಡಿಯಾರ ಇರ್ನಿಲ್ಲ, ಇನ್ನೂರುಗಂಟ ಎಣುಸ್ದೆ ನಾಕ್ ಸಲ," ಎಂದಳು ಸರಸಮ್ಮ.

ಆ ಸೋಮವಾರ ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ. ನಗುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎರಡು ವಾರ ಮುಖ ಊದಿಸಿಕೊಂಡಿದ್ದೆನಲ್ಲ ಎಂದು ಮುನಿಕೃಷ್ಣನಿಗೆ ಈಗ ನಾಚಿಕೆಯಾಯಿತು. ಬಾಲರಾಜು ಸರಸಮ್ಮನ ಕಾಲಿಗೇ ಬಿದ್ದ. ಅವಳು, "ಏಳಪ್ಪ, ಉಜ್ಜೀ ಉಜ್ಜೀ ನಿನ್ನ ಕೈಯೂ ನೋವಾಗಿರ್ತದೆ," ಎಂದಳು. ಅದು ಸಮಾಧಾನವೋ ಚುಚ್ಚುಮಾತೋ ಅವನಿಗೆ ಇವತ್ತಿಗೂ ತಿಳಿದಿಲ್ಲ.

ಮುನಿಕೃಷ್ಣ ಜೇಬಿಗೆ ತುರುಕಿಕೊಂಡು ಬಂದಿದ್ದ ಗ್ಲೌಸು ಹಾಕಿಕೊಂಡ. ಚೊಂಬಿಗೆ ದೂರದಿಂದಲೇ ಬಿಂದಿಗೆ ಬಿಂದಿಗೆ ನೀರು ಹೊಯ್ದು, ಅದು ತಣ್ಣಗಾದ ಮೇಲೆ ಬಗ್ಗಿಸಿ, ನೆಲವನ್ನೂ ತೊಳೆದ. ಕ್ಯಾನಿನ ಮುಚ್ಚಳದಲ್ಲಿ ಗಾಳಿಯಾಡುವ ತೂತು ಮುಚ್ಚಿಲ್ಲವೆಂದು ನೋಡಿಕೊಂಡು, ಅದನ್ನು ಬಿಸಿಲಿಲ್ಲದ ಕಡೆ ಬೇಲಿಯ ಆಚೆ ಒಯ್ದಿಟ್ಟ. ಒದ್ದೆ ಬಟ್ಟೆಯಿಂದ ಅದರ ಮೇಲಿನ ವಿಭೂತಿ ಒರೆಸಲು ಹೋದಾಗ ಸರಸಮ್ಮ ತಡೆದಳು.

"ಅದ್ನ ಯಾಕಪ್ಪ ಅಳುಸ್ತೀಯ? ಇಭೂತಿ ಏನ್ ತಪ್ ಮಾಡ್ತು?"

"ಇದ್ನ ನೋಡೇ ಅಲ್ವೇನಕ್ಕ ನೀನು ತೀರ್ಥ ಅಂದ್ಕಂಡಿದ್ದು?"

"ಹೌದು. ಆದ್ರೆ ಬರೋ ವರ್ಸ ನೀನು ಬ್ಯಾಡ ಅಂದ್ರೂ ನಾವು ಬಳಿಯೋರೇ. ಅನ್ನ ಕೊಡೋ ಸಾಮಾನಿಗೆ ಪೂಜೆ ಮಾಡ್ದೆ ಇರಾಕಾಯ್ತದಾ? ನಿನ್ ಚೀಟೀಲೇ ಒಸಿ ಜಾಗ ಬುಡು. ಬಳ್ಕಂಡ್ ಹೋಯ್ತೀವಿ. ನಿನ್ ಅಕ್ಸರುಕ್ಕೂ ತೊಂದ್ರೆ ಇಲ್ಲ, ನಮ್ ದೇವ್ರಿಗೂ ಬೇಜಾರಿಲ್ಲ."

ಬಿಡದಿಯ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುನಿಕೃಷ್ಣ ಅಲ್ಲೇ ನಿಂತು ಮನಸ್ಸಿನಲ್ಲೇ ಗೆರೆ ಎಳೆದ. ನೀರಿಗೆ ಕಿತ್ತು ಬರದ ಪ್ಲಾಸ್ಟಿಕ್ ಚೀಟಿ, ಕೆಳಗೊಂದು ಚೌಕ. ಪೂಜೆಯ ಹಿಂದಿನ ದಿನ ತಾನೇ ಎದುರಿಗೆ ನಿಂತು ತೊಳೆಸುವುದು. ತೀರ್ಥಕ್ಕೆ ತಾಮ್ರದ ಕೊಡ, ಅದು ಕೆಮಿಕಲ್ ರೂಮಿನ ಹೊಸ್ತಿಲು ದಾಟಕೂಡದು. ಇಷ್ಟು ವರ್ಷ ಅವನು ಇವರಿಗೆ ಹೇಳುತ್ತಿದ್ದ. ಇವರನ್ನು ಕೇಳಿದ್ದು ಇದೇ ಮೊದಲು, ಅದೂ ತಾನಾಗಿ ಕೇಳಿದ್ದಲ್ಲ.

ಹೊತ್ತು ಏರುತ್ತಿತ್ತು. ಅತ್ತಿಗೆ ಮುಖ ಸಿಂಡರಿಸಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ಬಂದ ತಾಯಿಯನ್ನು ಬಿಂದಿಗೆ ನೀರು ಹೊಯ್ದು ಕಳಿಸಿದ ಸಿಟ್ಟು. ಸರಸಮ್ಮ ಅವಳ ಕೈಗೇ ಇನ್ನೊಂದು ಚೊಂಬು ಕೊಟ್ಟು ಬಾವಿಯಿಂದ ನೀರು ತರಿಸಿದಳು. ಚೈತ್ರಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಸರಸಮ್ಮ ಮಾವಿನೆಲೆ ಎತ್ತಿಕೊಂಡಳು, ಆದರೆ ಅದ್ದಲಿಲ್ಲ. ಚೊಂಬನ್ನು ಮುನಿಕೃಷ್ಣನ ಮುಂದೆ ಹಿಡಿದಳು.

"ನೀನೊಂದ್ಸಲ ನೋಡ್ಬುಡು ಮಗ."

ಬಾವಿಯಿಂದ ಈಗಷ್ಟೇ ಸೇದಿದ ನೀರು, ನೋಡುವುದೇನಿದೆ ಎಂದು ಅವನು ಹೇಳಲಿಲ್ಲ. ಎಲೆಯ ತುದಿ ಹರಿದು ಹಾಕಿದ. ಎಲೆಯ ಚೂರು ಸುಮ್ಮನೆ ತೇಲಿತು. ಮುನಿಕೃಷ್ಣ ಗ್ಲೌಸು ತೆಗೆದು, ಬರಿಗೈಯಲ್ಲಿ ಒಂದು ಬೊಗಸೆ ತುಂಬಿಕೊಂಡು, ತನ್ನ ಎರಡೂ ಕಣ್ಣಿಗೆ ಹಾಕಿಕೊಂಡ. ತಣ್ಣಗಿತ್ತು. ಆಮೇಲೆ ಹರಿದದ್ದರಲ್ಲಿ ಬಾವಿಯ ನೀರೆಷ್ಟೋ ಅವನದೆಷ್ಟೋ.

"ನೀರೇ ಅಕ್ಕ. ಹಾಕು," ಎಂದ.

ಸರಸಮ್ಮ ಎಲೆ ಅದ್ದಿ ಮಗಳ ತಲೆಯ ಮೇಲೆ, ಮೊಮ್ಮಗಳ ಮುಖದ ಮೇಲೆ ಚಿಮುಕಿಸಿದಳು. ಕೂಸು ಬೆಚ್ಚಿ, ರೆಪ್ಪೆ ಒತ್ತಿ ಹಿಡಿದು, ಊರೆಲ್ಲ ಕೇಳುವ ಹಾಗೆ ಅಳತೊಡಗಿತು. ಎಲ್ಲರೂ ಓಲೈಸಲು ಬಗ್ಗಿದರು. ಮುನಿಕೃಷ್ಣ ಮಾತ್ರ ಅಳು ನಿಲ್ಲುವವರೆಗೂ ಅದರ ಮುಖವನ್ನೇ ನೋಡುತ್ತಾ ನಿಂತಿದ್ದ. ಕೊನೆಗೆ ಅದು ಬಿಕ್ಕಿ, ಸುಮ್ಮನಾಗಿ, ರೆಪ್ಪೆ ತೆರೆದು ಅವನ ಕಡೆ ನೋಡಿತು. ಎರಡೂ ಕಣ್ಣು ತೆರೆದಿದ್ದವು.